ಎದುರಿನ ಹಡಗನ್ನು ರೇಡಿಯೊದಲ್ಲಿ ಕರೆದು ಕೇಳಿದರೆ ತಪ್ಪೇನು?

ಪ್ರಶ್ನೆ: ನಾನು ಸರಕು ಹಡಗೊಂದರಲ್ಲಿ ಡೆಕ್ ಕೆಡೆಟ್. ನಮ್ಮ ಚೀಫ್ ಆಫೀಸರ್ ಡಿಕ್ಕಿ ತಪ್ಪಿಸುವ ವಿಷಯಕ್ಕೆ, ಹಡಗಿನಿಂದ ಹಡಗಿಗೆ ಮಾತಾಡುವ ವಿಎಚ್‌ಎಫ್ ರೇಡಿಯೊ ಮುಟ್ಟಲೇಬೇಡ ಎನ್ನುತ್ತಾರೆ. ಸೆಕೆಂಡ್ ಆಫೀಸರ್ ಎದುರಿನ ಹಡಗನ್ನು ಕರೆದು ಮಾತಾಡಿಕೊಳ್ಳದೆ ದಿಕ್ಕು ಬದಲಿಸುವುದೇ ಇಲ್ಲ. ಸುತ್ತಲಿನ ಹಡಗುಗಳ ಗುರುತು ತೋರಿಸುವ ಎಐಎಸ್ ಪರದೆಯಲ್ಲಿ ಆ ಹಡಗಿನ ಹೆಸರೇ ಕಾಣುವಾಗ ಕರೆದು ಕೇಳುವುದರಲ್ಲಿ ತಪ್ಪೇನಿದೆ? ಇಬ್ಬರಲ್ಲಿ ಯಾರು ಸರಿ?

ಉತ್ತರ: ನಿಮ್ಮ ಚೀಫ್ ಆಫೀಸರ್ ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನ ವಿಷಯವೂ ಮುಖ್ಯವೇ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಮುಕ್ಕಾಲು ಪಾಲು ಯಾಕೆ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಿ. ‘ಮುಟ್ಟಬೇಡ’ ಎಂಬ ಆಜ್ಞೆಯನ್ನು ಕಾರಣ ತಿಳಿಯದೆ ಪಾಲಿಸಿದವರು, ಗಾಬರಿಯಾದ ಮೊದಲ ರಾತ್ರಿಯೇ ರೇಡಿಯೊಗೆ ಕೈ ಹಾಕುವುದನ್ನು ನಾನು ಕಂಡಿದ್ದೇನೆ.

ರಾತ್ರಿಯ ವಾಚ್, ಅಂದರೆ ಕಾವಲು ಪಾಳಿ, ಎಂದಿಟ್ಟುಕೊಳ್ಳಿ. ಬಲಗಡೆ ಮುಂದಕ್ಕೆ, ಆರು ನಾಟಿಕಲ್ ಮೈಲಿ ದೂರದಲ್ಲಿ ಎರಡು ಬಿಳಿ ದೀಪಗಳು, ಅವುಗಳ ಕೆಳಗೆ ಒಂದು ಕೆಂಪು ದೀಪ. ನೀವು ಬೇರಿಂಗ್, ಅಂದರೆ ಆ ಹಡಗು ಕಾಣುವ ದಿಕ್ಕನ್ನು, ತೆಗೆಯುತ್ತೀರಿ. ಮೂರು ನಿಮಿಷ ಬಿಟ್ಟು ಮತ್ತೆ ತೆಗೆಯುತ್ತೀರಿ. ಬದಲಾಗಿಲ್ಲ. ಅಂದರೆ ಡಿಕ್ಕಿಯ ಅಪಾಯವಿದೆ. ಹಡಗಿನ ಎಡಬದಿಯ ದೀಪ ಕೆಂಪು, ಬಲಬದಿಯದು ಹಸಿರು. ನಿಮಗೆ ಅವರ ಕೆಂಪು ದೀಪ ಕಾಣುತ್ತಿದೆ, ಆದ್ದರಿಂದ ದಾರಿ ಬಿಡಬೇಕಾದವರು ನೀವು. ಅಲ್ಲಿ ನಿಂತಿರುವ ಅಧಿಕಾರಿಗೆ ನಿಮ್ಮ ಹಸಿರು ದೀಪ ಕಾಣುತ್ತಿದೆ. ತಾನು ದಿಕ್ಕನ್ನೂ ವೇಗವನ್ನೂ ಬದಲಿಸದೆ ಸಾಗಬೇಕು ಎಂದು ಅವರಿಗೆ ಗೊತ್ತು. ನೀವಿಬ್ಬರೂ ಹುಟ್ಟಿದಂದಿನಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ, ನಿಮ್ಮ ಮನೆಮಾತು ಬೇರೆ, ಕಲಿತ ಶಾಲೆ ಬೇರೆ. ಆದರೂ ಆ ಕ್ಷಣದಲ್ಲಿ ಇಬ್ಬರ ತಲೆಯಲ್ಲೂ ಒಂದೇ ಚಿತ್ರವಿದೆ. 1972ರಲ್ಲಿ ರೂಪುಗೊಂಡು 1977ರ ಜುಲೈ 15ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳು ಮಾಡಿಕೊಟ್ಟಿರುವ ದೊಡ್ಡ ಉಪಕಾರ ಇದು: ಒಂದು ಮಾತೂ ಆಡದೆ ಆಗಿಹೋಗಿರುವ ಒಪ್ಪಂದ.

ಈಗ ನೀವು ರೇಡಿಯೊ ಎತ್ತಿಕೊಂಡು ‘ನಾವು ಹೇಗೆ ದಾಟೋಣ?’ ಎಂದು ಕೇಳಿದಿರಿ ಎನ್ನೋಣ. ಇಷ್ಟು ಹೊತ್ತು ಖಚಿತವಾಗಿದ್ದ ಸಂಗತಿ ಆ ಒಂದು ಪ್ರಶ್ನೆಯಿಂದ ಚೌಕಾಸಿಯ ವಿಷಯವಾಯಿತು. ಅತ್ತಲಿನ ಅಧಿಕಾರಿ ಯೋಚಿಸತೊಡಗುತ್ತಾರೆ: ಇವರೇಕೆ ಕೇಳುತ್ತಿದ್ದಾರೆ? ದಾರಿ ಬಿಡುವ ಮನಸ್ಸಿಲ್ಲವೇ? ಚುಕ್ಕಾಣಿ ಕೆಟ್ಟಿದೆಯೇ? ನಾನೇ ತಿರುಗಲಿ ಎಂದು ಬಯಸುತ್ತಿದ್ದಾರೆಯೇ? ನನ್ನ ಅನುಭವದಲ್ಲಿ ಇಂಥ ಕರೆ ಮಾಡುವವರು ಹೆಚ್ಚಿನ ಸಲ ದಾರಿ ಬಿಡಬೇಕಾದವರೇ. ಬಲಕ್ಕೆ ತಿರುಗಿ, ಸುತ್ತಿ, ಮತ್ತೆ ಹಾದಿಗೆ ಬರುವುದು ಅವರಿಗೆ ಬೇಕಿರುವುದಿಲ್ಲ.

ಅದನ್ನು ನಾನೂ ಮಾಡಿದ್ದೇನೆ. ಥರ್ಡ್ ಆಫೀಸರ್ ಆಗಿದ್ದ ಮೊದಲ ವರ್ಷ, ಹಡಗುಗಳು ಗಿಜಿಗುಡುವ ಜಲಸಂಧಿಯೊಂದರ ಬಾಯಲ್ಲಿ ಇಂಥದೇ ಒಂದು ರಾತ್ರಿ. ಆಗ ಎಐಎಸ್ ಇರಲಿಲ್ಲ. ‘ನನ್ನ ಬಲಗಡೆ ಆರು ಮೈಲಿಯಲ್ಲಿರುವ ಹಡಗೇ’ ಎಂದು ಚಾನೆಲ್ 16ರಲ್ಲಿ ಕರೆದೆ. ಮೂರನೆಯ ಕರೆಗೆ ಒಂದು ದನಿ ಓಗೊಟ್ಟಿತು. ನಾನು ನಿಮ್ಮ ಮುಂದಿನಿಂದ ದಾಟಿಹೋಗಲೇ ಎಂದು ಕೇಳಿದೆ. ‘ಆಗಲಿ, ನಾನು ನಿಮ್ಮ ಹಿಂದಿನಿಂದ ಹೋಗುತ್ತೇನೆ’ ಎಂಬ ಉತ್ತರ ಬಂತು. ಧನ್ಯವಾದ ಹೇಳಿ ರೇಡಿಯೊವನ್ನು ಕೊಕ್ಕೆಗೆ ಸಿಕ್ಕಿಸಿದೆ. ಕಾಯುತ್ತ ನಿಂತೆ. ಕೆಂಪು ದೀಪ ಕೆಂಪಾಗಿಯೇ ಉಳಿಯಿತು. ಮೇಲಿನ ಎರಡು ಬಿಳಿ ದೀಪಗಳ ನಡುವಿನ ಅಂತರ ಒಂದು ಕೂದಲೆಳೆಯಷ್ಟೂ ಕಿರಿದಾಗಲಿಲ್ಲ, ಅಂದರೆ ಆ ಹಡಗು ತಿರುಗಿರಲಿಲ್ಲ. ಆರು ಮೈಲಿ ಇದ್ದ ದೂರ ಮೂರೂವರೆಗೆ ಇಳಿದಿತ್ತು. ಆಗ ಕಪ್ತಾನರು ಮೇಲೆ ಬಂದರು. ಬೇರಿಂಗ್ ನೋಡಿ, ನನ್ನನ್ನು ಏನೂ ಕೇಳದೆ ಚುಕ್ಕಾಣಿ ಬಲಕ್ಕೆ ಕೊಡಿಸಿದರು. ಹಡಗು ನಿಧಾನಕ್ಕೆ ತಿರುಗಿ ಆ ಹಡಗಿನ ಹಿಂಬದಿಗೆ ಮುಖ ಮಾಡಿದ ಮೇಲೆ ಕೇಳಿದರು: ‘ನೀನು ಯಾರ ಜೊತೆ ಮಾತಾಡಿದೆ?’ ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ. ನನಗೆ ಒಪ್ಪಿಗೆ ಕೊಟ್ಟವರು ಬೇರೆ ಯಾವುದೋ ಹಡಗಿನವರು. ಅವರೂ ತಮ್ಮ ಎಡಗಡೆಯ ಯಾವುದೋ ಹಡಗನ್ನು ನಾನೆಂದು ತಿಳಿದಿದ್ದಿರಬೇಕು.

ಬೇರೆ ಹಡಗು ಓಗೊಡುವುದು ಅಪರೂಪದ ಆಕಸ್ಮಿಕವಲ್ಲ, ಅದು ಆ ಯಂತ್ರದ ಗುಣದಲ್ಲೇ ಇದೆ. ಹಡಗಿನ ವಿಎಚ್‌ಎಫ್ 25 ವಾಟ್ ಶಕ್ತಿಯಲ್ಲಿ ಹೊರಡಿಸುವ ಅಲೆ ಸಾಮಾನ್ಯವಾಗಿ ದಿಗಂತದವರೆಗೆ, ದೊಡ್ಡ ಹಡಗುಗಳ ಎತ್ತರದ ಆಂಟೆನಾಗಳ ನಡುವೆ 20-30 ಮೈಲಿ, ಸಲೀಸಾಗಿ ಮುಟ್ಟುತ್ತದೆ. ಆ ವೃತ್ತದೊಳಗೆ ಇರುವ ಎಲ್ಲರೂ 156.8 ಮೆಗಾಹರ್ಟ್ಸ್‌ನ ಚಾನೆಲ್ 16ನ್ನು ಕೇಳುತ್ತಿರುತ್ತಾರೆ. ಅವರಲ್ಲಿ ಎಷ್ಟು ಜನರ ಎಡಗಡೆ ಒಂದು ಹಡಗು ಇರಬಹುದು, ನೀವೇ ಊಹಿಸಿ. ಇನ್ನೊಂದು ತೊಡಕೂ ಇದೆ. ಈ ರೇಡಿಯೊಗಳು ಎಫ್‌ಎಂ ಕ್ರಮದಲ್ಲಿ ಕೆಲಸ ಮಾಡುವುದರಿಂದ, ಒಂದೇ ಹೊತ್ತಿಗೆ ಎರಡು ಕರೆ ಬಂದರೆ ಬಲವಾದದ್ದು ದುರ್ಬಲವಾದದ್ದನ್ನು ಪೂರ್ತಿ ನುಂಗಿಹಾಕುತ್ತದೆ. ನೀವು ಕರೆದ ಹಡಗು ಉತ್ತರ ಕೊಟ್ಟಿದ್ದರೂ ನಿಮಗೆ ಕೇಳಿದ್ದು ಹತ್ತಿರದ ಇನ್ನೊಂದರ ದನಿಯಾಗಿರಬಹುದು. ಸ್ಪಷ್ಟವಾಗಿ ಕೇಳಿಸಿತು ಎಂಬ ಕಾರಣಕ್ಕೇ ನೀವು ಅದನ್ನು ನಂಬಿಬಿಡುತ್ತೀರಿ.

ಎಐಎಸ್ ಬಂದ ಮೇಲೆ ಈ ಗೊಂದಲ ಬಹಳ ಕಡಿಮೆಯಾಗಿದೆ, ಒಪ್ಪುತ್ತೇನೆ. ಅಂತರರಾಷ್ಟ್ರೀಯ ಯಾನದಲ್ಲಿರುವ, 300 ಟನ್ನಿಗೆ ಕಡಿಮೆಯಿಲ್ಲದ ಹಡಗುಗಳೆಲ್ಲ ಅದನ್ನು ಇಟ್ಟುಕೊಳ್ಳಲೇಬೇಕು. ಹೆಸರಿಲ್ಲದ ದೀಪಕ್ಕೆ ಸಾಗುತ್ತಿರುವಾಗ ಕೆಲವೇ ಸೆಕೆಂಡುಗಳಿಗೊಮ್ಮೆ ವೇಗ, ದಿಕ್ಕು, ಆರು ನಿಮಿಷಕ್ಕೊಮ್ಮೆ ಹೆಸರು ಬಂದು ಅಂಟಿಕೊಳ್ಳುತ್ತವೆ. ಆದರೆ ಹೆಸರು ಗೊತ್ತಾದರೆ ಯಾರನ್ನು ಕರೆಯುತ್ತಿದ್ದೀರಿ ಎಂಬುದು ಬಗೆಹರಿಯುತ್ತದೆಯೇ ಹೊರತು ಉಳಿದದ್ದೊಂದೂ ಬಗೆಹರಿಯುವುದಿಲ್ಲ. ಸಣ್ಣ ಮೀನುಗಾರಿಕೆ ದೋಣಿಗಳಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ. ಯುದ್ಧನೌಕೆಗಳು ಅದನ್ನು ಮೌನವಾಗಿಟ್ಟು ಸಾಗಬಹುದು.

2018ರ ನವೆಂಬರ್ 8ರ ಬೆಳಗಿನ ಜಾವ ನಾರ್ವೆಯಲ್ಲಿ ಆದದ್ದನ್ನು ನೀವು ಓದಲೇಬೇಕು. ಸ್ಟುರೆ ತೈಲ ಟರ್ಮಿನಲ್‌ನಿಂದ ಆಗಷ್ಟೇ ಹೊರಟಿದ್ದ ‘ಸೋಲಾ ಟಿಎಸ್’ ಟ್ಯಾಂಕರ್ ಡೆಕ್ಕಿನ ದೀಪಗಳನ್ನು ಹೊತ್ತಿಸಿಕೊಂಡೇ ಹೊರಬರುತ್ತಿತ್ತು. ಎದುರಿನಿಂದ ‘ಹೆಲ್ಗೆ ಇಂಗ್‌ಸ್ಟಾಡ್’ ಎಂಬ ಯುದ್ಧನೌಕೆ 17 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಆಸುಪಾಸಿನ ವೇಗದಲ್ಲಿ, ತನ್ನ ಎಐಎಸ್ ಪ್ರಸಾರವಿಲ್ಲದೆ ಬರುತ್ತಿತ್ತು. ಟ್ಯಾಂಕರಿನವರು ಮೊದಲು ಆ ನೌಕೆ ಯಾವುದೆಂದು ಸಂಚಾರ ನಿಯಂತ್ರಣ ಕೇಂದ್ರವನ್ನು ಕೇಳಬೇಕಾಯಿತು. ಹೆಸರು ಸಿಕ್ಕಿತು, ಕರೆದರು, ಬಲಕ್ಕೆ ತಿರುಗಿ ಎಂದು ಕೇಳಿಕೊಂಡರು. ಯುದ್ಧನೌಕೆ ಉತ್ತರವನ್ನೂ ಕೊಟ್ಟಿತು. ಆದರೆ ಅದನ್ನು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿದ್ದವರು ಆ ಝಗಮಗ ಬೆಳಕನ್ನು ಟರ್ಮಿನಲ್ ಬಳಿ ನಿಂತಿರುವ ಏನೋ ಒಂದು ಎಂದು ತಿಳಿದಿದ್ದರು. ತಮ್ಮನ್ನು ಕರೆಯುತ್ತಿರುವುದು ಉತ್ತರದ ಕಡೆಗೆ ಬರುತ್ತಿದ್ದ ಬೇರೆ ಹಡಗುಗಳಲ್ಲೊಂದು ಎಂದು ಭಾವಿಸಿದ್ದರು. ಹಾಗಾಗಿ ಆ ಬೆಳಕನ್ನು ದಾಟುವವರೆಗೆ ಬಲಕ್ಕೆ ತಿರುಗಲಾಗದು ಎಂಬ ಅರ್ಥದ ಉತ್ತರ ಹೋಯಿತು. ತಿರುಗಿ ಎಂದು ಬೇಡುತ್ತಿದ್ದದ್ದೇ ಆ ಬೆಳಕು. ನಾಲ್ಕು ಗಂಟೆ ದಾಟಿ ಒಂದು ನಿಮಿಷಕ್ಕೆ ಎರಡೂ ಬಡಿದುಕೊಂಡವು. ಯುದ್ಧನೌಕೆಯಲ್ಲಿದ್ದ 137 ಜನರೂ ಬದುಕಿಕೊಂಡರು, ನೌಕೆ ಉಳಿಯಲಿಲ್ಲ.

ಅಲ್ಲಿ ರೇಡಿಯೊ ಚೆನ್ನಾಗಿ ಕೆಲಸ ಮಾಡುತ್ತಿತ್ತು ಎಂಬುದನ್ನು ಗಮನಿಸಿ. ಎರಡೂ ಕಡೆಯವರು ಪರಸ್ಪರರ ಮಾತನ್ನು ಕೇಳಿಸಿಕೊಂಡರು. ಇಬ್ಬರ ತಲೆಯಲ್ಲಿದ್ದ ಚಿತ್ರ ಬೇರೆಬೇರೆಯಾಗಿತ್ತು, ಮಾತಿಗೆ ಅದನ್ನು ಸರಿಪಡಿಸುವ ಶಕ್ತಿ ಇರಲಿಲ್ಲ. ಉತ್ತರ ಬಂತೆಂಬ ಸಮಾಧಾನ ಕಣ್ಣನ್ನು ಮಂಕಾಗಿಸಬಲ್ಲದು. ನನಗೂ ಆ ರಾತ್ರಿ ಆದದ್ದು ಅದೇ.

ಇನ್ನು ಸಮಯದ ಲೆಕ್ಕ. ತಲಾ 20 ನಾಟ್‌ನಲ್ಲಿ ಎದುರುಬದುರು ಬರುವ ಎರಡು ಹಡಗುಗಳ ನಡುವಿನ ಅಂತರ ನಿಮಿಷಕ್ಕೆ ಮೂರನೇ ಎರಡು ಮೈಲಿಯಂತೆ ಕರಗುತ್ತದೆ. ಆರು ಮೈಲಿ ಎಂದರೆ ಒಂಬತ್ತು ನಿಮಿಷ. ಎರಡು ಸಲ ಕರೆದು, ಉತ್ತರ ಬಂದು, ಬೇರೆ ಚಾನೆಲ್‌ಗೆ ಹೋಗೋಣ ಎಂದು, ಹೋಗಿ, ಅಲ್ಲಿ ಮತ್ತೆ ಕರೆದು, ‘ಇನ್ನೊಮ್ಮೆ ಹೇಳಿ’ ಎಂದು ಕೇಳಿ ಮುಗಿಸುವಷ್ಟರಲ್ಲಿ ಮೂರು ನಿಮಿಷ ಆಗಿರುತ್ತದೆ, ಎರಡು ಮೈಲಿ ಹೋಗಿರುತ್ತದೆ. ತುಂಬಿದ ದೊಡ್ಡ ಹಡಗು ಚುಕ್ಕಾಣಿಗೆ ಸ್ಪಂದಿಸಿ ಎದ್ದುಕಾಣುವಷ್ಟು ತಿರುಗಲು ಬೇಕಾದ ಹೊತ್ತನ್ನು ಇದರಿಂದ ಕಳೆಯಿರಿ. ಆ ಮೂರು ನಿಮಿಷ ನೀವು ರೇಡಿಯೊ ಮುಂದೆ ಬಾಗಿದ್ದಿರಿ. ಕಿಟಕಿಯ ಬಳಿ ಯಾರಿದ್ದರು? ಬ್ರಿಟನ್ನಿನ ಸಮುದ್ರಯಾನ ಮತ್ತು ಕರಾವಳಿ ರಕ್ಷಣಾ ಸಂಸ್ಥೆ ಡಿಕ್ಕಿ ತಪ್ಪಿಸಲು ವಿಎಚ್‌ಎಫ್ ಬಳಸುವುದರ ವಿರುದ್ಧ ಎಚ್ಚರಿಕೆಯ ಸೂಚನೆಯನ್ನೇ ಹೊರಡಿಸಿದೆ. ಹಡಗನ್ನು ತಪ್ಪಾಗಿ ಗುರುತಿಸುವುದು, ಮಾತನ್ನು ತಪ್ಪಾಗಿ ತಿಳಿಯುವುದು, ಅಮೂಲ್ಯ ಸಮಯ ಪೋಲಾಗುವುದು – ಇವೇ ಅದು ಬೊಟ್ಟು ಮಾಡುವ ಅಪಾಯಗಳು. ರೇಡಾರ್ ಬಂದ ಹೊಸತರಲ್ಲಿ ‘ರೇಡಾರ್ ನೆರವಿನ ಡಿಕ್ಕಿ’ ಎಂಬ ಮಾತು ಹುಟ್ಟಿತ್ತು. ಅದೇ ಅಚ್ಚಿನಲ್ಲಿ ಈಗ ‘ವಿಎಚ್‌ಎಫ್ ನೆರವಿನ ಡಿಕ್ಕಿ’ ಎಂಬ ಮಾತೂ ನಾವಿಕರ ನಡುವೆ ನೆಲೆಯಾಗಿದೆ.

ಭಾಷೆಯ ವಿಷಯಕ್ಕೆ ಬಂದರೆ, ‘ಕೆಂಪಿಗೆ ಕೆಂಪು’ (ಎಡಬದಿಗೆ ಎಡಬದಿ) ಅಥವಾ ‘ಹಸಿರಿಗೆ ಹಸಿರು’ (ಬಲಬದಿಗೆ ಬಲಬದಿ) ಎಂದು ಹೇಳುವ ರೂಢಿ ನಮ್ಮಲ್ಲಿದೆ. ನೇರ ಎದುರಾಗುವ ಹಡಗುಗಳಿಗೆ ಅದು ಹೊಂದುತ್ತದೆ. ಅಡ್ಡ ದಾಟುವ ಹಡಗುಗಳಿಗೆ ಆ ಮಾತಿನಿಂದ ಏನು ಅರ್ಥವಾಗಬೇಕು? ಯಾರು ತಿರುಗಬೇಕು, ಯಾವ ಕಡೆಗೆ, ಎಷ್ಟು? ‘ನಿಮ್ಮ ಬಲಗಡೆ ಹೋಗುತ್ತೇನೆ’ ಎನ್ನುವುದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆಯೇ. 2013ರ ಮಾರ್ಚ್‌ನಲ್ಲಿ ಪೂರ್ವ ಚೀನಾ ಸಮುದ್ರದಲ್ಲಿ ‘ಸಿಎಂಎ ಸಿಜಿಎಂ ಫ್ಲೋರಿಡಾ’ ಮತ್ತು ‘ಚೌ ಶಾನ್’ ಡಿಕ್ಕಿಯಾದಾಗ, ಅದಕ್ಕೆ ಮೊದಲಿನ ರೇಡಿಯೊ ಸಂಭಾಷಣೆ ನಡೆದದ್ದು ಮ್ಯಾಂಡರಿನ್ ಭಾಷೆಯಲ್ಲಿ. ಒಂದು ಬ್ರಿಡ್ಜ್‌ನಲ್ಲಿದ್ದ ಫಿಲಿಪೀನ್ಸ್‌ನ ಅಧಿಕಾರಿಗೆ ಆ ಭಾಷೆ ತಿಳಿಯುತ್ತಿರಲಿಲ್ಲ. ಇಂಥ ಗೊಂದಲ ತಪ್ಪಿಸಲೆಂದೇ ಅಂತರರಾಷ್ಟ್ರೀಯ ಕಡಲ ಸಂಘಟನೆ 2001ರಲ್ಲಿ ಪ್ರಮಾಣಿತ ನುಡಿಗಟ್ಟುಗಳ ಸಂಗ್ರಹವನ್ನು ಅಂಗೀಕರಿಸಿತು. ನೀವು ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿರುತ್ತೀರಿ. ಹಡಗಿಗೆ ಬಂದ ಮೇಲೆ ಅದನ್ನು ಮರೆತು ಹರಟೆಯ ಇಂಗ್ಲಿಷಿಗೆ ಇಳಿಯುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬೇರೆಯವರ ಸಂಭಾಷಣೆ ಕಿವಿಗೆ ಬಿದ್ದು ಆಗುವ ಅನಾಹುತ ಇನ್ನೊಂದು ಬಗೆಯದು. 2015ರ ಫೆಬ್ರವರಿಯಲ್ಲಿ ದುಬೈನ ಜೆಬೆಲ್ ಅಲಿ ಬಂದರಿನ ಹೊರಗೆ, ಹಡಗಿಗೆ ದಾರಿ ತೋರುವ ಪೈಲಟ್‌ಗಾಗಿ ಕಾಯುತ್ತಿದ್ದ ‘ಅಲೆಕ್ಸಾಂಡ್ರಾ 1’ ಟ್ಯಾಂಕರಿನ ಕಪ್ತಾನರು, ಬಂದರು ನಿಯಂತ್ರಣದವರು ಒಂದು ಟಗ್ (ಎಳೆಯುವ ದೋಣಿ) ಜೊತೆ ಆಡಿದ ಮಾತನ್ನು ಬಂದರಿನಿಂದ ಹೊರಬರುತ್ತಿದ್ದ ‘ಎವರ್ ಸ್ಮಾರ್ಟ್’ ಕಂಟೇನರ್ ಹಡಗಿಗೆ ಸಂಬಂಧಿಸಿದ್ದೆಂದು ತಿಳಿದರು. ಎರಡೂ ಹಡಗುಗಳು ಡಿಕ್ಕಿಯಾದವು. ದಾಟುವ ನಿಯಮ ಅಲ್ಲಿ ಅನ್ವಯಿಸುತ್ತಿತ್ತೇ ಎಂಬ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರಲ್ಲಿ ತೀರ್ಪು ಬಂತು. ಅರೆಬರೆ ಮಾಹಿತಿಯ ಮೇಲೆ ಊಹೆ ಕಟ್ಟಬೇಡಿ ಎಂದು 7ನೇ ನಿಯಮ ಹೇಳುತ್ತದಲ್ಲ, ಅದನ್ನು ಓದುವಾಗ ನಮಗೆ ರೇಡಾರ್ ನೆನಪಾಗುತ್ತದೆ. ರೇಡಿಯೊಗೂ ಅದು ಅಷ್ಟೇ ಸಲ್ಲುತ್ತದೆ.

ಮಾತಿನಲ್ಲಿ ಎಲ್ಲವೂ ಸರಿಯಾಗಿ ನಡೆದು, ಸರಿಯಾದ ಹಡಗೇ ಸಿಕ್ಕಿ, ನಿಯಮಕ್ಕೆ ವಿರುದ್ಧವಾಗಿ ದಾಟಲು ಇಬ್ಬರೂ ಒಪ್ಪಿದರು ಎನ್ನೋಣ. ಮೂರನೆಯ ಹಡಗಿಗೆ ಈ ಒಪ್ಪಂದ ತಿಳಿದಿಲ್ಲ. ಅದು ನೀವಿಬ್ಬರೂ ನಿಯಮದಂತೆ ನಡೆಯುತ್ತೀರಿ ಎಂದು ನಂಬಿ ತನ್ನ ದಾರಿ ಆರಿಸಿಕೊಂಡಿರುತ್ತದೆ. ನಾಳೆ ಏನಾದರೂ ಆದರೆ ‘ರೇಡಿಯೊದಲ್ಲಿ ಒಪ್ಪಿಕೊಂಡಿದ್ದೆವು’ ಎಂಬುದು ನಿಮ್ಮನ್ನು ನಿಯಮದಿಂದ ಬಿಡುಗಡೆ ಮಾಡುವುದಿಲ್ಲ. ಒಪ್ಪಿಕೊಂಡ ಮಾತು ಹಡಗಿನ ಯಾನ ದತ್ತಾಂಶ ದಾಖಲೆ ಯಂತ್ರದಲ್ಲಿ ಅಕ್ಷರಶಃ ಉಳಿದಿರುತ್ತದೆ.

ಈಗ ಆ ಕಾಲು ಪಾಲು. ‘ಮುಟ್ಟಲೇಬೇಡ’ ಎಂಬುದನ್ನು ನಾನು ಯಾಕೆ ಪೂರ್ತಿ ಒಪ್ಪುವುದಿಲ್ಲ?

1956ರ ಜುಲೈ 25ರ ರಾತ್ರಿ ‘ಆಂಡ್ರಿಯಾ ಡೋರಿಯಾ’ ಮತ್ತು ‘ಸ್ಟಾಕ್‌ಹೋಮ್’ ಹಡಗುಗಳು ಅಟ್ಲಾಂಟಿಕ್‌ನಲ್ಲಿ ಡಿಕ್ಕಿಯಾಗಿ 51 ಜನ ಸತ್ತರು. ಎರಡೂ ಕಡೆಯವರು ರೇಡಾರ್‌ನಲ್ಲಿ ಪರಸ್ಪರರನ್ನು ಕಂಡಿದ್ದರು. ಒಬ್ಬರು ಬಲಗಡೆಗೆ ಬಲಗಡೆ ಮಾಡಿ ದಾಟುತ್ತೇವೆಂದು ತಿಳಿದು ಎಡಕ್ಕೆ ಸರಿದರು, ಇನ್ನೊಬ್ಬರು ಎಡಗಡೆಗೆ ಎಡಗಡೆ ಎಂದು ತಿಳಿದು ಬಲಕ್ಕೆ ತಿರುಗಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತಾಯಿತು. ಎರಡು ಬ್ರಿಡ್ಜ್‌ಗಳ ನಡುವೆ ಒಂದು ಮಾತೂ ಓಡಾಡಲಿಲ್ಲ. ‘ನಾನು ಬಲಕ್ಕೆ ತಿರುಗುತ್ತಿದ್ದೇನೆ’ ಎಂಬ ಒಂದು ವಾಕ್ಯ ಸಾಕಷ್ಟು ಮೊದಲೇ ತಲುಪಿದ್ದರೆ ಅದು ಜೀವ ಉಳಿಸಬಹುದಿತ್ತು. 1971ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಬಳಿ ದಟ್ಟ ಮಂಜಿನಲ್ಲಿ ಎರಡು ಟ್ಯಾಂಕರುಗಳು ಡಿಕ್ಕಿಯಾಗಿ ಕೊಲ್ಲಿಯೆಲ್ಲ ಎಣ್ಣೆಯಾಯಿತು. ಅದೇ ವರ್ಷ ಅಮೆರಿಕ ಬ್ರಿಡ್ಜ್‌ನಿಂದ ಬ್ರಿಡ್ಜ್‌ಗೆ ರೇಡಿಯೊ ಸಂಪರ್ಕವನ್ನು ಕಡ್ಡಾಯಗೊಳಿಸುವ ಕಾನೂನು ತಂದಿತು. ಅಲ್ಲಿನ ಒಳನಾಡು ಜಲಮಾರ್ಗಗಳಲ್ಲಿ ಇವತ್ತಿಗೂ ಪೈಲಟ್‌ಗಳು ಚಾನೆಲ್ 13ರಲ್ಲಿ ಮಾತಾಡಿಕೊಂಡೇ ದಾಟುತ್ತಾರೆ. ಹಾಗೆ ಒಪ್ಪಂದವಾದರೆ ಸೀಟಿ ಊದಬೇಕಿಲ್ಲ ಎಂದು ಅಲ್ಲಿನ ನಿಯಮವೇ ಹೇಳುತ್ತದೆ.

ಅಲ್ಲಿ ನಡೆಯುವುದು ತೆರೆದ ಸಮುದ್ರದಲ್ಲಿ ಯಾಕೆ ನಡೆಯುವುದಿಲ್ಲ? ನದಿಯ ತಿರುವಿನಲ್ಲಿ ಇರುವುದು ಎರಡೇ ಹಡಗು, ಇಬ್ಬರು ಪೈಲಟ್‌ಗಳಿಗೂ ಒಂದೇ ಭಾಷೆ, ಒಬ್ಬರ ದನಿ ಒಬ್ಬರಿಗೆ ಪರಿಚಿತ, ‘ಇಂಥ ಬೋಯಾ (ನೀರಿನ ಮೇಲೆ ತೇಲುವ ಗುರುತು) ಹತ್ತಿರ’ ಎಂದರೆ ಜಾಗ ಖಚಿತ. ತಪ್ಪು ಗುರುತಿಗೆ ಅಲ್ಲಿ ಎಡೆಯೇ ಕಡಿಮೆ. ಹಾಗೆಯೇ ಕಿರಿದಾದ ಕಾಲುವೆಯಲ್ಲಿ ಹಿಂದಿನಿಂದ ದಾಟಿಹೋಗುವಾಗ ಮುಂದಿನ ಹಡಗು ಜಾಗ ಕೊಡಬೇಕಾದರೆ ಅದರ ಒಪ್ಪಿಗೆ ಬೇಕೇ ಬೇಕು. ಉದ್ದದ ಹಗ್ಗದಲ್ಲಿ ಬಾರ್ಜ್ ಎಳೆಯುತ್ತಿರುವ ಟಗ್ಗಿನ ಹಿಂದೆ ದಾಟುವ ಮುಂಚೆ ಹಗ್ಗ ಎಲ್ಲಿಯವರೆಗಿದೆ ಎಂದು ಕೇಳುವುದು, ನಿಮ್ಮ ಚುಕ್ಕಾಣಿ ಕೆಟ್ಟಿದ್ದರೆ ಸುತ್ತಲಿನವರಿಗೆ ಸಾರುವುದು, ಬಂದರಿನ ಸಂಚಾರ ನಿಯಂತ್ರಣದವರ ಜೊತೆ ಮಾತಾಡುವುದು, ಇವೆಲ್ಲ ರೇಡಿಯೊದ ಸರಿಯಾದ ಕೆಲಸಗಳು.

ಮಂಜಿನ ಬಗ್ಗೆ ಒಂದು ಮಾತು. ಒಬ್ಬರಿಗೊಬ್ಬರು ಕಣ್ಣಿಗೆ ಕಾಣದಿರುವಾಗ 19ನೇ ನಿಯಮದ ಪ್ರಕಾರ ಯಾರಿಗೂ ಹಾದಿಯ ಹಕ್ಕಿಲ್ಲ, ಇಬ್ಬರೂ ತಪ್ಪಿಸಿಕೊಳ್ಳಬೇಕು. ಮಂಜಿನಲ್ಲಿ ‘ನೀವು ದಾರಿ ಬಿಡಬೇಕಾದವರು’ ಎಂದು ರೇಡಿಯೊದಲ್ಲಿ ವಾದಿಸುವವರನ್ನು ಕೇಳಿದ್ದೇನೆ. ಆ ವಾದಕ್ಕೆ ಬುಡವೇ ಇಲ್ಲ. ವೇಗ ಇಳಿಸುವ ಕೆಲಸ ಮೊದಲಾಗಲಿ.

ದಾರಿ ಬಿಡಬೇಕಾದ ಹಡಗು ಸುಮ್ಮನೆ ಬರುತ್ತಲೇ ಇದೆ, ನೀವು ಹಾದಿ ಬಿಡದೆ ಸಾಗಬೇಕಾದವರು, ಆಗೇನು? ನಿಮ್ಮ ಪ್ರಶ್ನೆಯ ಹಿಂದೆ ಇರುವ ಭಯ ಇದೇ ಎಂದು ನನಗನ್ನಿಸುತ್ತದೆ. ನಿಯಮ ಕೊಟ್ಟಿರುವ ದನಿ ಐದು ಚುಟುಕು ಸೀಟಿಗಳು, ಜೊತೆಗೆ ಐದು ಸಲ ಮಿನುಗುವ ದೀಪ. ದೀಪವನ್ನು ನೇರವಾಗಿ ಆ ಬ್ರಿಡ್ಜ್‌ನ ಕಡೆಗೇ ಹಿಡಿಯಿರಿ. ಬೆಳಕು ಹೋಗುವುದು ನೀವು ಗುರಿಯಿಟ್ಟ ಹಡಗಿಗೆ, ಸುತ್ತಲಿನ ಇಪ್ಪತ್ತು ಹಡಗುಗಳಿಗಲ್ಲ. ಅದಕ್ಕೂ ಎಚ್ಚರಗೊಳ್ಳದಿದ್ದರೆ ಹೆಸರು ಹಿಡಿದು ಒಂದು ಕರೆ ಮಾಡುವುದರಲ್ಲಿ ತಪ್ಪಿಲ್ಲ, ಅದು ನಿದ್ದೆಯಿಂದ ಎಬ್ಬಿಸುವ ಕರೆಯಾಗಿರಲಿ, ಸಂಧಾನದ ಕರೆ ಆಗದಿರಲಿ. ಉತ್ತರಕ್ಕಾಗಿ ಕಾಯುತ್ತ ನಿಲ್ಲಬೇಡಿ. 17ನೇ ನಿಯಮ ನಿಮಗೇ ತಿರುಗುವ ಅನುಮತಿ ಕೊಟ್ಟಿದೆ. ಎಡಗಡೆಯಿಂದ ಬರುತ್ತಿರುವ ಹಡಗಿಗಾಗಿ ಎಡಕ್ಕೆ ಮಾತ್ರ ತಿರುಗಬೇಡಿ.

ಕರೆಯಲೇಬೇಕಾದಾಗ ಹೇಗೆ ಕರೆಯಬೇಕು? ಬೇಗ ಕರೆಯಿರಿ, ಎಂಟು-ಹತ್ತು ಮೈಲಿ ಇರುವಾಗಲೇ. ಎಐಎಸ್‌ನಲ್ಲಿನ ಹೆಸರನ್ನು ರೇಡಾರ್ ಗುರಿಯ ಜೊತೆಗೂ ಕಿಟಕಿಯಾಚೆ ಕಾಣುವ ದೀಪದ ಜೊತೆಗೂ ತಾಳೆ ನೋಡಿ. ಅವರ ಹೆಸರು, ನಿಮ್ಮ ಹೆಸರು, ನೀವು ಅವರ ಯಾವ ಬೇರಿಂಗ್‌ನಲ್ಲಿ ಎಷ್ಟು ದೂರದಲ್ಲಿದ್ದೀರಿ, ಮತ್ತು ನಿಯಮದಂತೆ ನೀವು ಮಾಡಲಿರುವ ಕೆಲಸ, ಇಷ್ಟೇ ಹೇಳಿ: ‘ಬಲಕ್ಕೆ ತಿರುಗುತ್ತಿದ್ದೇನೆ, ನಿಮ್ಮ ಹಿಂದಿನಿಂದ ದಾಟುತ್ತೇನೆ’. ಒಂದೇ ಉಸಿರಿನಲ್ಲಿ ಮುಗಿಯಬೇಕು. ಪ್ರಶ್ನೆ ಬೇಡ, ‘ಆಗಬಹುದೇ’ ಬೇಡ. ಮಾತು ಮುಗಿಯುವ ಹೊತ್ತಿಗೆ ಹಡಗು ತಿರುಗುತ್ತಿರಬೇಕು. ಐದೈದು ಡಿಗ್ರಿಯಂತೆ ಕದ್ದು ತಿರುಗಿದರೆ ಯಾರಿಗೂ ತಿಳಿಯುವುದಿಲ್ಲ. ಮೂವತ್ತು ಡಿಗ್ರಿ ಒಮ್ಮೆಗೇ ತಿರುಗಿದರೆ ನಿಮ್ಮ ದೀಪಗಳೇ ಎಲ್ಲ ಹೇಳಿಬಿಡುತ್ತವೆ, ಆ ಭಾಷೆ ಎಲ್ಲ ನಾವಿಕರಿಗೂ ಬರುತ್ತದೆ. ನಿಮಗೇ ಇಂಥ ಕರೆ ಬಂದರೆ, ಕೇಳುತ್ತಿರುವುದು ನಿಯಮಕ್ಕೆ ವಿರುದ್ಧವಾಗಿದ್ದಾಗ ‘ನಿಯಮದಂತೆ ನಡೆಯೋಣ’ ಎಂದು ಸೌಜನ್ಯದಿಂದ ಹೇಳಿ ಬೇರಿಂಗ್ ನೋಡುತ್ತಿರಿ. ರೇಡಿಯೊವನ್ನು ಕೇಳಿಸಿಕೊಳ್ಳುವುದನ್ನು ಮಾತ್ರ ಎಂದೂ ಬಿಡಬೇಡಿ. ಸುತ್ತ ಏನು ನಡೆಯುತ್ತಿದೆ ಎಂದು ಕಿವಿಗೊಡುವುದು 5ನೇ ನಿಯಮ ಹೇಳುವ ಕಾವಲಿನ ಭಾಗವೇ.

ಇನ್ನು ನಿಮ್ಮ ಸೆಕೆಂಡ್ ಆಫೀಸರ್ ವಿಷಯ. ಕೆಡೆಟ್ ಆಗಿ ನೀವು ಅವರ ಜೊತೆ ವಾದಕ್ಕೆ ಇಳಿಯಬೇಕಿಲ್ಲ. ಅವರು ರೇಡಿಯೊ ಎತ್ತಿದೊಡನೆ ನೀವು ಬೇರಿಂಗ್ ತೆಗೆಯಲು ಹೋಗಿ, ಓದಿದ್ದನ್ನು ಗಟ್ಟಿಯಾಗಿ ಹೇಳಿ: ‘ಬೇರಿಂಗ್ ಬದಲಾಗಿಲ್ಲ ಸರ್, ದೂರ ಐದು ಮೈಲಿ’. ಒಂದು ನಿಮಿಷ ಬಿಟ್ಟು ಮತ್ತೆ ಹೇಳಿ. ಒಳ್ಳೆಯ ಅಧಿಕಾರಿ ಎರಡನೆಯ ಸಲಕ್ಕೆ ರೇಡಿಯೊ ಇಡುತ್ತಾರೆ. ಮುಂದೆ ನೀವೇ ವಾಚ್ ಹಿಡಿದು ಒಬ್ಬರೇ ನಿಂತು ಏನು ಮಾಡುವುದೆಂದು ತೋಚದಿದ್ದಾಗ ಬ್ರಿಡ್ಜ್‌ನಲ್ಲಿ ಇನ್ನೊಂದು ಫೋನ್ ಇರುತ್ತದೆ, ಕಪ್ತಾನರ ಕೋಣೆಗೆ ಹೋಗುವಂಥದ್ದು. ಆರು ಮೈಲಿ ಇರುವಾಗಲೇ ಅದನ್ನು ಎತ್ತಿ. ಆ ರಾತ್ರಿ ನಾನು ಕರೆಯಬೇಕಿದ್ದದ್ದು ಅವರನ್ನೇ.